ಮಡಿ ಅಡಿಗೆಯ ಗೋದಾಬಾಯಿ

ನಮ್ಮ ಅತ್ಯಾ ಗೋದಾಬಾಯಿಗೆ ಕೆಲಸ ಬರುತ್ತಿದ್ದದ್ದು ಸತ್ತವರ ಕಡೆಯಿಂದ. ಹೈದರಾಬಾದಿನಲ್ಲಿ ನಮ್ಮ ಕಡೆಯ ಯಾರ ಮನೆಯಲ್ಲಿ ತಂದೆಯದೋ ತಾಯಿಯದೋ ಶ್ರಾದ್ಧ ಬಂದರೂ ಮೊದಲ ಫೋನು ಪುರೋಹಿತರಿಗೆ, ಎರಡನೆಯದು ನಮ್ಮ ಮನೆಗೆ. ಶ್ರಾದ್ಧದ ಅಡಿಗೆಯನ್ನು ಮಡಿಯಲ್ಲೇ ಮಾಡಬೇಕು. ತಲೆಯ ಮೇಲೆ ನೀರು ಹಾಕಿಕೊಂಡು, ತಾನೇ ಹಿಂಡಿದ ಸೀರೆಯನ್ನು ಒದ್ದೆಯಲ್ಲೇ ಉಟ್ಟು, ಬ್ರಾಹ್ಮಣರ ಊಟ ಮುಗಿಯುವವರೆಗೆ ಬಾಯಿಗೆ ಏನೂ ಹಾಕದೆ, ಯಾರನ್ನೂ ಮುಟ್ಟದೆ ಒಲೆಯ ಮುಂದೆ ನಿಲ್ಲಬೇಕು. ನಡುವೆ ಸಂಡಾಸಕ್ಕೆ ಎದ್ದು ಹೋದರೆ ಮಡಿ ಹೋಯಿತು. ಮತ್ತೆ ಸ್ನಾನ, ಮತ್ತೆ ಒದ್ದೆ ಸೀರೆ, ಮತ್ತೆ ಮೊದಲಿನಿಂದ.

ನಾನು ಶಾಮಲಾ, ಆಕೆಯ ಅಣ್ಣ ಗುರುರಾಜರಾಯರ ಮಗಳು, ಮೆಹದಿಪಟ್ಟಣಂನ ಒಂದು ಶಾಲೆಯಲ್ಲಿ ಗಣಿತ ಹೇಳುತ್ತೇನೆ. ಮಡಿ ಎಂದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಆದರೆ ಅತ್ಯಾ ಮಾಡಿದ ಹಾಗಲಕಾಯಿ ಗೊಜ್ಜಿನ ಮುಂದೆ ನನ್ನ ಸಿದ್ಧಾಂತ ಒಂದು ದಿನವೂ ನಿಂತಿಲ್ಲ, ಅದನ್ನೂ ಹೇಳಿಬಿಡಬೇಕು.

ಗಂಡ ಹೋದಾಗ ಆಕೆಗೆ ಇಪ್ಪತ್ತು ದಾಟಿತ್ತೋ ಇಲ್ಲವೋ. ಅಪ್ಪ ರಾಯಚೂರಿಗೆ ಹೋಗಿ ಕರೆದುಕೊಂಡು ಬಂದರು. ಬಂದವಳು ನಮ್ಮ ಮನೆಯ ಅಡಿಗೆ ಹಿಡಿದಳು, ಆಮೇಲೆ ನಿಧಾನವಾಗಿ ಊರವರ ಶ್ರಾದ್ಧದ ಅಡಿಗೆ. ಅಪ್ಪ ವಿದ್ಯುತ್ ಇಲಾಖೆಯ ಕಚೇರಿಗೆ ಹೋಗುವ ಮುಂಚೆ ಆಕೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಯಾ ಮನೆಗೆ ಬಿಟ್ಟು ಹೋಗುತ್ತಿದ್ದರು. ಮುಟ್ಟು ನಿಂತಾಗ ಬೇರೆ ಹೆಂಗಸರಿಗೆ ಏನೆನ್ನಿಸುತ್ತದೋ ಗೊತ್ತಿಲ್ಲ, ನಮ್ಮತ್ಯಾ ಮಾತ್ರ ಪೇಢೆ ತರಿಸಿದ್ದಳು.

"ಇನ್ನ ತಿಂಗಳ ಪೂರ್ತಿ ನನ್ನದ ನೋಡ ಶಾಮಾ. ಯಾರ ತಿಥಿ ಯಾವಾಗ ಬಂದ್ರೂ ಬರಂಗಿಲ್ಲ ಅನ್ನೂ ಹಂಗಿಲ್ಲ" ಎಂದು ಪೇಢೆಯನ್ನು ನನ್ನ ಕೈಗೆ ಮೇಲಿನಿಂದ ಹಾಕಿದಳು, ಮುಟ್ಟದೆ.

ಹೈಟೆಕ್ ಸಿಟಿ ಎದ್ದ ಮೇಲಂತೂ ಆಕೆಗೆ ಬಿಡುವೇ ಇಲ್ಲದಾಯಿತು. ಫ್ಲ್ಯಾಟುಗಳಲ್ಲಿದ್ದ ಸಾಫ್ಟ್‌ವೇರ್ ಹುಡುಗರಿಗೆ ತಂದೆತಾಯಿಯ ತಿಥಿ ನೆನಪಿರುತ್ತಿತ್ತು, ಮಾಡುವ ರೀತಿ ಗೊತ್ತಿರಲಿಲ್ಲ. ಮಾದಾಪುರದ ಪ್ರಾಣೇಶ ಎಂಬ ಟೀಮ್ ಲೀಡರ್ ಒಮ್ಮೆ ಪಂಚೆ ಸುತ್ತಿಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ನಾನು ಏನೇನು ಮುಟ್ಟಬಾರದು ಅಮ್ಮಾ?" ಎಂದು ಕೇಳಿದನಂತೆ.

"ಎಲ್ಲಾನೂ" ಎಂದಳಂತೆ ಅತ್ಯಾ.

ನನ್ನ ತಮ್ಮ ಕೇದಾರನೂ ಸಾಫ್ಟ್‌ವೇರ್, ಅವನ ಹೆಂಡತಿ ದೀಪ್ತಿಯೂ ಸಾಫ್ಟ್‌ವೇರ್. ಅವರು ಕೂಕಟ್‌ಪಲ್ಲಿಯಲ್ಲಿ ಫ್ಲ್ಯಾಟು ಕೊಂಡಾಗ ಕಾಚಿಗುಡದ ಬಾಡಿಗೆ ಮನೆ ಬಿಟ್ಟು ಅಪ್ಪನೂ ಅತ್ಯಾನೂ ಅಲ್ಲಿಗೆ ಹೋದರು. ನನ್ನ ತಾಯಿ ಅದಕ್ಕೂ ಮುಂಚೆಯೇ ತೀರಿಕೊಂಡಿದ್ದಳು. ಹೊಸ ಫ್ಲ್ಯಾಟಿನಲ್ಲಿ ಸಂಡಾಸದ ಬಾಗಿಲು ಅಡಿಗೆಮನೆಯ ಎದುರಿಗೇ ಇತ್ತು. ಅದನ್ನು ಕಟ್ಟಿಸಿದವನ ಹೆಸರು ಗೊತ್ತಾಗಿದ್ದರೆ ಅತ್ಯಾ ದಿನಾ ಬೆಳಿಗ್ಗೆ ದೇವರ ಮುಂದೆ ಅವನನ್ನು ಬೈಯುತ್ತಿದ್ದಳು.

2003ರ ಮಳೆಗಾಲದ ಆರಂಭದಲ್ಲಿ ಆ ಅಪಾರ್ಟ್‌ಮೆಂಟಿನ ಸಂಪಿಗೆ ಚರಂಡಿ ನೀರು ಸೇರಿತು. ಮಹಡಿ ಮಹಡಿಯಲ್ಲೂ ವಾಂತಿ, ಭೇದಿ. ಅಪ್ಪ ಮಲಗಿದರು, ದೀಪ್ತಿ ಆಫೀಸಿಗೆ ರಜೆ ಹಾಕಿದಳು, ಕೇದಾರ ಗೋಡೆ ಹಿಡಿದುಕೊಂಡು ಓಡಾಡಿದ. ಬೀದಿಯ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಎಲ್ಲರಿಗೂ ಒಂದೇ ಔಷಧಿ ಬರೆದರು, ವಾರದೊಳಗೆ ಎಲ್ಲರೂ ಎದ್ದು ಕೂತರು. ಅತ್ಯಾಗೆ ಮಾತ್ರ ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ? ಆಕೆಗೆ ಅದು ಶುರುವಾಗಿದ್ದದ್ದು ಯುಗಾದಿಗಿಂತ ಮುಂಚೆ, ಸಂಪು ಕೆಡುವುದಕ್ಕೆ ಎಷ್ಟೋ ಮೊದಲು. ಯಾರಿಗೂ ಹೇಳಿರಲಿಲ್ಲ.

ಕೇದಾರ ಮತ್ತೆ ಆಕೆಯನ್ನು ಅದೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಡಾಕ್ಟರು ಕೇಳಬೇಕಾದ್ದನ್ನೇ ಕೇಳಿದರು, ಮಲದಲ್ಲಿ ರಕ್ತ ಬರುತ್ತದೆಯೇ ಎಂದು, ತೆಲುಗಿನಲ್ಲಿ, "ಮೋಷನ್ಸ್‌ಲೋ ಬ್ಲಡ್ ವಸ್ತುಂದಾ ಅಮ್ಮಾ?" ಪಕ್ಕದಲ್ಲಿ ಅಣ್ಣನ ಮಗ ಕುಳಿತಿದ್ದ.

"ಲೇದು" ಎಂದಳು ಅತ್ಯಾ. ರಕ್ತ ಇಲ್ಲ.

ಇತ್ತು. ಅವತ್ತು ಬೆಳಿಗ್ಗೆಯೂ ಇತ್ತು.

ಹಾಗಾಗಿ ಡಾಕ್ಟರು ಇನ್ಫೆಕ್ಷನ್ ಎಂದರು, ಅಮೀಬಾ ಎಂದರು, ಗುಳಿಗೆ ಬರೆದರು. ಕೆಲವು ವಾರಕ್ಕೆ ಕಡಿಮೆಯಾಯಿತು. ತಿಂಗಳೆರಡು ತಿಂಗಳಿಗೆ ಮತ್ತೆ ಬಂತು, ಮತ್ತೆ ಅದೇ ಗುಳಿಗೆ. ಮನೆಯಲ್ಲಿ ನೀರಿನ ಮೇಲೆ ಯುದ್ಧ ಸಾರಿದಂತಾಯಿತು. ಕೇದಾರ ಗೋಡೆಗೆ ಫಿಲ್ಟರ್ ಹಾಕಿಸಿದ, ಫಿಲ್ಟರಿನ ನೀರನ್ನು ದೀಪ್ತಿ ಮತ್ತೆ ಕುದಿಸಿದಳು, ಕುದಿಸಿದ್ದನ್ನು ಅತ್ಯಾ ಬಟ್ಟೆಯಲ್ಲಿ ಸೋಸಿದಳು. "ಕೂಕಟ್‌ಪಲ್ಲಿ ನೀರ ಛಲೋ ಇಲ್ಲ" ಎನ್ನುವುದು ಮನೆಯ ಮಂತ್ರವಾಯಿತು. ಅದೇ ನೀರು ಕುಡಿದ ಉಳಿದ ಮೂವರೂ ಗುಂಡುಕಲ್ಲಿನಂತೆ ಇದ್ದರು. ಅದು ಯಾರ ತಲೆಗೂ ಹೊಳೆಯಲಿಲ್ಲ.

ಆಕೆಯೂ ಕೆಲಸ ಬಿಡಲಿಲ್ಲ. ಶ್ರಾದ್ಧದ ಹಿಂದಿನ ಮಧ್ಯಾಹ್ನದಿಂದಲೇ ಊಟ ಬಿಡುತ್ತಿದ್ದಳು, ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಹೋಗುವುದೇನು ಎಂಬ ಲೆಕ್ಕ. ಅದೂ ಸಾಲದಾದಾಗ ಕೆಳಗಿನ ಮೆಡಿಕಲ್ ಶಾಪಿನಲ್ಲಿ ಭೇದಿ ನಿಲ್ಲಿಸುವ ಸಣ್ಣ ಗುಳಿಗೆ ತಂದುಕೊಂಡಳು. ಅದಕ್ಕೆ ಚೀಟಿ ಯಾರೂ ಕೇಳುತ್ತಿರಲಿಲ್ಲ. ನುಂಗಿದರೆ ಅರ್ಧ ದಿನ ಎಲ್ಲ ಬಂದ್. ಅಷ್ಟು ಹೊತ್ತಿನಲ್ಲಿ ಅಡಿಗೆ ಮುಗಿಯುತ್ತಿತ್ತು.

ಅಪ್ಪನಿಗೆ ಈ ಗುಳಿಗೆಯ ವಿಷಯ ಗೊತ್ತಿರಲಿಲ್ಲ. ಆಕೆ ಇಳಿದುಹೋಗಿದ್ದು ಮಾತ್ರ ಕಂಡಿತ್ತು. "ಗೋದಾ, ನನ್ನ ಶ್ರಾದ್ಧದ ತನಕಾರೆ ಗಟ್ಟಿ ಇರು. ವಡಿ ಸ್ವಲ್ಪ ಕಡಕ್ ಮಾಡು, ಊರವ್ರಿಗೆ ಮಾಡಿಧಾಂಗ ಮೆತ್ತಗ ಮಾಡಬ್ಯಾಡ" ಎಂದು ನಗುತ್ತಿದ್ದರು.

"ಬಾಯಿ ತೊಳಕೊಂಡ ಬಾ ಹೋಗು. ಎಂಥಾ ಮಾತು" ಎಂದು ಆಕೆ ಸೌಟು ಎತ್ತುತ್ತಿದ್ದಳು.

ಮರುವರ್ಷ ಶ್ರಾವಣದಲ್ಲಿ ಅಪ್ಪ ಕುರ್ಚಿಯಲ್ಲಿ ಕುಳಿತಂತೆಯೇ ಹೋದರು. ಹೃದಯ ನಿಂತಿತ್ತು. ಅತ್ಯಾ ಅಳಲಿಲ್ಲ, ಒಂದು ಮೂಲೆಯಲ್ಲಿ ಕುಳಿತು ಅವರ ಕನ್ನಡಕವನ್ನು ಸೆರಗಿನಿಂದ ಒರೆಸಿದಳು, ಒರೆಸುತ್ತಲೇ ಇದ್ದಳು. ನನಗೆ ಅದನ್ನು ನೋಡಲಾಗಲಿಲ್ಲ.

ಆ ವರ್ಷದ ದೀಪಾವಳಿಗೆ ನಾನು ಕೂಕಟ್‌ಪಲ್ಲಿಗೆ ಹೋದಾಗ ಅತ್ಯಾ ಸಂಡಾಸದಿಂದ ಹೊರಬಂದಳು, ಆಕೆಯ ಹಿಂದೆಯೇ ನಾನು ಒಳಗೆ ಹೋದೆ. ಆಕೆ ನೀರು ಸರಿಯಾಗಿ ಹಾಕಿರಲಿಲ್ಲ, ಬಗ್ಗುವ ತ್ರಾಣವೇ ಇರಲಿಲ್ಲವೇನೋ. ರಕ್ತ ಕಂಡಿತು. ಹನಿಯಲ್ಲ, ರಕ್ತವೇ.

"ಇದೇನ ಅತ್ಯಾ?"

"ಮೂಲವ್ಯಾಧಿ. ನಮ್ಮವ್ವಗೂ ಇತ್ತು. ಒದರಬ್ಯಾಡ, ದೀಪ್ತಿ ಕೇಳಿಸಿಕೋತಾಳ."

ನಾನು ಒದರಿದೆ. ಕೇದಾರನೂ ಕೇಳಿಸಿಕೊಂಡ, ಪಕ್ಕದ ಫ್ಲ್ಯಾಟಿನವರೂ ಕೇಳಿಸಿಕೊಂಡರು. ಮರುದಿನವೇ ಆಕೆಯನ್ನು ಹೊಟ್ಟೆಯ ಡಾಕ್ಟರು ಅಮರಯ್ಯ ಎಂಬವರ ಬಳಿ ಕರೆದುಕೊಂಡು ಹೋದೆ. ಅವರು ಲಿಂಗಸುಗೂರು ಕಡೆಯವರು, ದಪ್ಪ ಮೀಸೆ, ನಿಧಾನದ ಮಾತು. ಜೊತೆಗೆ ಬಂದಿದ್ದ ಕೇದಾರನನ್ನು ಹೊರಗೆ ಕೂರಿಸಿ, ಕನ್ನಡದಲ್ಲಿ ಅದೇ ಪ್ರಶ್ನೆ ಕೇಳಿದರು. ಅತ್ಯಾ ನನ್ನ ಮುಖ ನೋಡಿದಳು. "ಒಮ್ಮೊಮ್ಮೆ" ಎಂದಳು.

ಅವರು ಮಲ ಪರೀಕ್ಷೆ ಮಾಡಿಸಿದರು, ಅದರಲ್ಲಿ ಅಮೀಬಾ ಇರಲಿಲ್ಲ, ಬೇರೆ ರೋಗಾಣುವೂ ಇರಲಿಲ್ಲ. ಆಮೇಲೆ ಹಿಂದಿನಿಂದ ಕೊಳವೆ ಹಾಕಿ ಕರುಳಿನ ಒಳಗೋಡೆ ನೋಡಿದರು, ಅಲ್ಲಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ಉತ್ತರ ಬರುವವರೆಗೆ ಬಾಯಿ ಬಿಡಲಿಲ್ಲ. ನನಗೆ ತಡೆಯಲಾಗದೆ ಯಾಕಿಷ್ಟು ತಡ ಎಂದು ಜಗಳಕ್ಕೇ ಹೋದೆ.

"ನಮ್ಮ ದೇಶದಾಗ ಕರುಳಿಗೂ ಟಿಬಿ ಆಕ್ಕೈತ್ರಿ ಮೇಡಂ. ಕೆಲವು ಸಲ ನೋಡಾಕ ಹಿಂಗ ಕಾಣತೈತಿ. ಟಿಬಿ ಇದ್ದು ನಾ ಸ್ಟೀರಾಯ್ಡ್ ಕೊಟ್ರ ಅದು ಮೈತುಂಬ ಹಬ್ಬತೈತಿ. ಅದಕ್ಕ ಕಾದೆ" ಎಂದರು.

ಟಿಬಿ ಇರಲಿಲ್ಲ. ಅಮರಯ್ಯನವರು ಕಾಗದದ ಮೇಲೆ ದೊಡ್ಡ ಕರುಳಿನ ಚಿತ್ರ ಬರೆದು ಅತ್ಯಾನ ಕಡೆಗೆ ತಿರುಗಿಸಿದರು.

"ನಿಮ್ಮ ಬಿಲ್ಡಿಂಗಿನಾಗ ಎಲ್ಲಾರಿಗೂ ಭೇದಿ ಆತಲ್ರಿ, ಅದು ಸೋಂಕು. ಹೊರಗಿಂದ ಬರತೈತಿ, ಒಮ್ಮೆಲೆ ಬರತೈತಿ, ಹೆಚ್ಚಂದ್ರ ವಾರ ಹತ್ತು ದಿನಕ್ಕ ಹೊಕ್ಕೈತಿ. ಇದು ಹಂಗಲ್ಲ. ಕರುಳಿನ ಒಳಗೋಡೆ ತಾನ ಹುಣ್ಣಾಗತೈತಿ. ತಿಂಗಳಾನುಗಟ್ಲೆ ಇರತೈತಿ, ತಾನ ಕಡಿಮಿ ಆಕ್ಕೈತಿ, ಮತ್ತ ಬರತೈತಿ. ಇದಕ್ಕ ನೀರು ಕಾರಣ ಅಲ್ಲ."

"ಅಮೀಬಾದ ಗುಳಗಿ ತಗೊಂಡಾಗ ಕಡಿಮಿ ಆಗ್ತಿತ್ತಲ್ರಿ?" ಎಂದಳು ಅತ್ಯಾ.

"ಅದು ಕಡಿಮಿ ಆಗೂ ವೇಳ್ಯಾಕ ನೀವು ಗುಳಗಿ ನುಂಗೀರಿ. ಹೆಸರು ಗುಳಗಿಗೆ ಬಂತು. ತಿಂಗಳಾನುಗಟ್ಲೆ ರಕ್ತ ಹೊಂಟೈತಿ ಅಂತ ಒಂದ ಮಾತು ಹೇಳಿದ್ರ ಆ ಡಾಕ್ಟ್ರು ಅವತ್ತ ನಿಮ್ಮನ್ನ ಇಲ್ಲಿಗೆ ಕಳಸ್ತಿದ್ರು. ಯಾಕ ಹೇಳಲಿಲ್ರಿ?"

ಅತ್ಯಾ ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು.

"ರಕ್ತ ಅಂದ್ರ ನನಗ ಯಾರ ಒಲಿ ಮುಂದ ಬಿಡ್ತಾರ್ರಿ? ಅದು ಯಾವ ರಕ್ತ ಅಂತ ಮಂದಿ ಕೇಳ್ತಾರೇನು? ಗೋದಾಬಾಯಿಗೆ ಮತ್ತ ಶುರು ಆಗೇದ ಅಂತಾರ. ಮುಗೀತು."

ನನಗೆ ಆಗ ಬಂದ ಸಿಟ್ಟು ಯಾರ ಮೇಲೆ ಎಂದು ಇಂದಿಗೂ ಹೇಳಲಾರೆ. ಹೇಳದ ಆಕೆಯ ಮೇಲೋ, ಹೇಳಿದ್ದರೆ ನಿಜವಾಗಿಯೂ ಹಾಗೆಯೇ ಅನ್ನುತ್ತಿದ್ದ ಮಂದಿಯ ಮೇಲೋ.

"ಇದು ಇನ್ನೊಬ್ರಿಗೆ ಹತ್ತೂ ಜಡ್ಡಲ್ಲ. ಅಡಗಿ ಮಾಡ್ರಿ, ಬಡಸ್ರಿ, ಯಾರಿಗೂ ಏನೂ ಆಗೂದಿಲ್ಲ" ಎಂದರು ಅಮರಯ್ಯ. ಅಷ್ಟು ಹೊತ್ತಿನಲ್ಲಿ ಮೊದಲ ಬಾರಿ ಅತ್ಯಾ ತಲೆ ಎತ್ತಿದಳು. "ಆದ್ರ ಎರಡು ಮಾತು ನೆನಪ ಇಡ್ರಿ. ಇದು ಮತ್ತ ಬರತೈತಿ. ಬಂದ ದಿನಾನ ನನಗ ಹೇಳ್ಬೇಕು. ಎರಡನೇದು, ಅಂಗಡ್ಯಾಗ ಸಿಗೂ ಭೇದಿ ನಿಲ್ಲಸೂ ಗುಳಗಿ ಮುಟ್ಟಬಾರದು. ಕರುಳು ಹುಣ್ಣಾದಾಗ ಅದನ್ನ ನುಂಗಿದ್ರ ಕರುಳು ಉಬ್ಬಿ ಹರೀತೈತಿ. ಜೀವಕ್ಕ ಕುತ್ತು."

"ಆತ್ರಿ" ಎಂದಳು.

ಮೊದಲು ಸ್ಟೀರಾಯ್ಡ್, ಆಮೇಲೆ ದಿನವೂ ನುಂಗುವ ಬೇರೆ ಗುಳಿಗೆ. ಸಂಕ್ರಾಂತಿಯ ಹೊತ್ತಿಗೆ ಕೆನ್ನೆ ತುಂಬಿತು. ದೀಪ್ತಿಗೆ ಹೋಳಿಗೆ ಮಾಡಿಕೊಟ್ಟಳು, ಕೇದಾರನ ಫಿಲ್ಟರನ್ನು ದಿನಕ್ಕೊಮ್ಮೆ ಹಂಗಿಸಿದಳು. ಪ್ರಾಣೇಶನ ತಾಯಿಯ ಶ್ರಾದ್ಧಕ್ಕೆ ಹೋಗಿ ಬಂದಳು. ನಾವೆಲ್ಲ ಗೆದ್ದೆವು ಎಂದುಕೊಂಡೆವು. ರೋಗದ ಹೆಸರು ಸಿಕ್ಕರೆ ರೋಗ ಹೋದಂತೆಯೇ ಎಂದು ನಂಬುವ ದಡ್ಡತನ ಓದಿದವರಿಗೂ ಇರುತ್ತದೆ.

ಆಷಾಢ ಮುಗಿಯುತ್ತ ಬಂದಾಗ ಅಪ್ಪನ ಮೊದಲ ವರ್ಷದ ಶ್ರಾದ್ಧದ ಮಾತು ಎದ್ದಿತು. ಕೇದಾರ ಒಳ್ಳೆಯ ಮನಸ್ಸಿನಿಂದಲೇ ಹೇಳಿದ, "ಅತ್ಯಾ, ಈ ಸಲ ಅಡಗಿ ಕಾಂಟ್ರಾಕ್ಟರ್‌ಗೆ ಹೇಳಿಬಿಡೋಣು. ನೀ ಆರಾಮ ಕೂಡು."

"ನಿಮ್ಮಪ್ಪಗ ಕಾಂಟ್ರಾಕ್ಟರ್ ಕೈದು ಉಣಸ್ತೀಯೇನ? ಊರವರ ಅಪ್ಪಂದಿರಿಗೆಲ್ಲಾ ಮಾಡಿ ಹಾಕೀನಿ. ನಮ್ಮಣ್ಣಗ ಮಾಡದಿದ್ರ ಈ ಕೈ ಯಾತಕ್ಕ ಅವ?" ಆಕೆ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಕೇದಾರ ಕೈಚೆಲ್ಲಿದ.

ಆ ಮಾತು ನಡೆದ ವಾರವೇ ರೋಗ ಮರಳಿತ್ತು. ದಿನದ ಗುಳಿಗೆ ತಪ್ಪಿಸಿರಲಿಲ್ಲ. ಅಮರಯ್ಯ ಹೇಳಿದಂತೆ ಅದು ತಾನಾಗಿಯೇ ಬಂತು. ಹೇಳಿದರೆ ಆಸ್ಪತ್ರೆ, ಆಸ್ಪತ್ರೆ ಎಂದರೆ ಕಾಂಟ್ರಾಕ್ಟರು. ಆಕೆ ಹೇಳಲಿಲ್ಲ. ದೀಪ್ತಿ ಕೇಳಿದಾಗಲೆಲ್ಲ ಆರಾಮ ಎಂದಳು. ನಾನು ಫೋನಿನಲ್ಲಿ ಕೇಳಿದಾಗಲೂ ಆರಾಮವೇ. ಶ್ರಾದ್ಧ ಹತ್ತಿರ ಬಂದಾಗ ಊಟ ಬಿಟ್ಟಳು, ಕೆಳಗಿನ ಮೆಡಿಕಲ್ ಶಾಪಿಗೆ ತಾನೇ ಇಳಿದು ಹೋಗಿ ಬಂದಳು. ಇದೆಲ್ಲ ನಮಗೆ ಗೊತ್ತಾಗಿದ್ದು ಆಮೇಲೆ.

ಶ್ರಾದ್ಧದ ಬೆಳಿಗ್ಗೆ ನಾನು ಹೋದಾಗ ಆಕೆ ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ನಿಂತಿದ್ದಳು. ಬಾಳೆಕಾಯಿ ಪಲ್ಯ ಆಗಿತ್ತು, ಪಾಯಸ ಕುದಿಯುತ್ತಿತ್ತು, ಉದ್ದಿನ ಹಿಟ್ಟು ರುಬ್ಬಿ ಇಟ್ಟಿತ್ತು. ನಾನು ಮೈಲಿಗೆಯವಳು, ಹೊಸ್ತಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತೆ. ಆಕೆಯ ಮುಖ ಬೂದಿಯಾಗಿತ್ತು. ಸೀರೆಯ ಗಂಟು ಸಡಿಲಾಗಿ ಕೆಳಗಿತ್ತು, ಅದರ ಮೇಲೆ ಹೊಟ್ಟೆ ಬಿಗಿದುಕೊಂಡು ಮುಂದೆ ಬಂದಿತ್ತು. ಒಂದು ಕೈ ಕಟ್ಟೆ ಹಿಡಿದೇ ಇತ್ತು.

"ಅತ್ಯಾ, ಹೊಟ್ಟಿ ಯಾಕ ಹಂಗ ಕಾಣ್ತದ? ಮುಖ ನೋಡಿಕೊಂಡೀ ಏನು?"

"ನಿನ್ನೆಯಿಂದ ಉಪವಾಸ ಅಲ್ಲೇನ, ವಾಯು. ನೀ ದೂರ ಸರಿ, ಸೆರಗ ಹತ್ತೀತು."

ನಾನು ಎದ್ದು ಅಡಿಗೆಮನೆಯೊಳಗೆ ಒಂದು ಹೆಜ್ಜೆ ಇಟ್ಟೆ. ಆಕೆ ಸೌಟನ್ನು ಅಡ್ಡ ಹಿಡಿದಳು. ಆ ಕಣ್ಣುಗಳು ಬೇಡುತ್ತಿದ್ದವು. ನಾನು ಹಿಂದೆ ಸರಿದು ಹೊರಗೆ ಹೋಗಿ ಅಮರಯ್ಯನವರಿಗೆ ಫೋನು ಮಾಡಿದೆ, ತಕ್ಷಣ ಕರೆತನ್ನಿ ಎಂದರು. ಬಂದು ಹೇಳಿದರೆ ಅತ್ಯಾ, "ಬ್ರಾಹ್ಮಣರ ಎಲಿ ಏಳಲಿ. ಆಮ್ಯಾಲೆ ನೀ ಎಲ್ಲಿಗಂದ್ರ ಅಲ್ಲಿಗೆ ಬರ್ತೀನಿ" ಎಂದಳು. ಕೇದಾರ ಕೈಮುಗಿದು ಬೇಡಿಕೊಂಡ. ಹೊತ್ತುಕೊಂಡು ಹೋಗೋಣ ಎಂದಳು ದೀಪ್ತಿ. ಮುಟ್ಟಿದರೆ ಮತ್ತೆ ಸ್ನಾನ ಮಾಡಿ ಮೊದಲಿನಿಂದ ಅಡಿಗೆ ಹಚ್ಚುತ್ತೇನೆ ಎಂದಳು ಅತ್ಯಾ. ಮಾಡುತ್ತಿದ್ದಳು ಕೂಡ.

ವಡೆ ಕರಿದಳು. ತಾನೇ ಬಡಿಸಿದಳು. ಬ್ರಾಹ್ಮಣರು ತೃಪ್ತಿಯಾಯಿತು ಎಂದರು, ಒಬ್ಬರು ವಡೆಯನ್ನು ಎರಡನೆಯ ಸಲ ಹಾಕಿಸಿಕೊಂಡರು. ವಡೆ ಕಡಕ್ಕಾಗಿದ್ದವು. ಎಲೆ ಎತ್ತಿದ ಮೇಲೆ ಆಕೆ ಅಡಿಗೆಮನೆಯ ಗೋಡೆಗೆ ಆತು ಕೂತಳು, ಅಲ್ಲಿಂದ ಪಕ್ಕಕ್ಕೆ ವಾಲಿದಳು. ಆಗ ಮುಟ್ಟಿದೆವು. ಮೈ ಕಾದ ಹಂಚಿನಂತಿತ್ತು.

ಆಸ್ಪತ್ರೆಯಲ್ಲಿ ಅಮರಯ್ಯ ಆಕೆಯ ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿದರು, "ಭೇದಿ ನಿಲ್ಲಸೂ ಗುಳಗಿ ತಗೊಂಡ್ರೇನ್ರಿ?"

ಹೂಂ ಎಂದು ತಲೆಯಾಡಿಸಿದಳು. ಅವರು ಹೊರಗೆ ಬಂದು ಕಿಟಕಿಯ ಕಡೆ ತಿರುಗಿ ನಿಂತರು. "ಕರುಳು ಹರದೈತಿ. ರೋಗ ಮರಳಿದ ದಿನಾನ ಬಂದಿದ್ರ ಬರೇ ಔಷಧದಾಗ ತಿರುಗಿಸಬಹುದಿತ್ತು" ಎಂದರು. ಆಪರೇಷನ್ನಿಗೆ ಕೇದಾರ ಸಹಿ ಹಾಕಿದ.

ಒಳಗೆ ಒಯ್ಯುವ ಮುನ್ನ ಅತ್ಯಾ ನನ್ನ ಕೈಯನ್ನು ತಾನೇ ಹಿಡಿದುಕೊಂಡಳು. ಜೀವಮಾನದಲ್ಲಿ ಆಕೆ ನನ್ನನ್ನು ತಾನಾಗಿ ಮುಟ್ಟಿದ್ದು ಎಣಿಸಿದರೆ ಸಿಗುತ್ತದೆ.

"ಶಾಮಾ, ನೀ ಹೊಸ್ತಿಲದಾಗ ಕೂತಿದ್ದಿ, ನೋಡೀದಿ. ನಡುವ ಒಮ್ಮೆನೂ ಎದ್ದ ಹೋಗಲಿಲ್ಲ. ಅಡಗಿ ಕೆಡಲಿಲ್ಲ, ಹೌದಲ್ಲೋ?"

"ಹೌದ ಅತ್ಯಾ. ಕೆಡಲಿಲ್ಲ."

ಆಪರೇಷನ್ ಆಯಿತು, ಆಕೆಗೆ ಎಚ್ಚರವಾಗಲಿಲ್ಲ. ವಿಷ ರಕ್ತಕ್ಕೆ ಸೇರಿತ್ತು. ಅಣ್ಣನ ತಿಥಿಯ ಹಿಂದೆಯೇ ತಂಗಿಯ ತಿಥಿ ಬಿದ್ದಿತು.

ವೈಕುಂಠ ಸಮಾರಾಧನೆಯ ದಿನ ಪುರೋಹಿತ ಹಣಮಂತರಾಯರು ವೀಳ್ಯದೆಲೆಗೆ ಸುಣ್ಣ ಸವರುತ್ತ, "ಮೈಯಾಗ ಸುಖ ಇಲ್ಲದವ್ರಿಗೆ ಶಾಸ್ತ್ರದಾಗ ಸಡಿಲ ಅದರಿ. ಕೈಕಾಲ ತೊಳಕೊಂಡು ಬಂದ್ರೂ ನಡೀತಿತ್ತು. ಕೇಳಿದ್ರ ನಾನ ಹೇಳ್ತಿದ್ದೆ" ಎಂದರು. ಕೇಳಿದ್ದರೆ! ನಾನು ಎದ್ದು ಬಾಲ್ಕನಿಗೆ ಹೋದೆ. ಇಲ್ಲದಿದ್ದರೆ ಅವತ್ತು ಅವರಿಗೆ ಏನು ಅನ್ನುತ್ತಿದ್ದೆನೋ.

ಮರುವರ್ಷ ಆಕೆಯ ಶ್ರಾದ್ಧವನ್ನು ಕೇದಾರನೇ ಮಾಡಿದ. ಅಡಿಗೆಗೆ ಕಾಂಟ್ರಾಕ್ಟರು ಒಬ್ಬ ನಡುವಯಸ್ಸಿನವನನ್ನು ಕಳಿಸಿದ್ದ. ಪಂಚೆ ಉಟ್ಟಿದ್ದ, ಸೊಂಟಕ್ಕೆ ಮೊಬೈಲ್ ಸಿಕ್ಕಿಸಿಕೊಂಡಿದ್ದ. ಪಾಯಸ ಒಲೆಯ ಮೇಲಿದ್ದಾಗ ಬೆಂಕಿ ಸಣ್ಣದು ಮಾಡಿ ಎದುರಿನ ಸಂಡಾಸಕ್ಕೆ ಹೋದ, ಬಂದು ಸಿಂಕಿನಲ್ಲಿ ಕೈ ತೊಳೆದುಕೊಂಡು ಸೌಟು ಹಿಡಿದ. ವಡೆಯ ಹಿಟ್ಟು ತಟ್ಟುವ ಮೊದಲು ಇನ್ನೊಮ್ಮೆ ಹೋಗಿ ಬಂದ. ಹಣಮಂತರಾಯರು ನೋಡಿದರು, ಕೇದಾರ ನೋಡಿದ, ಹೊಸ್ತಿಲ ಹೊರಗೆ ಅದೇ ಕುರ್ಚಿಯಲ್ಲಿ ಕೂತಿದ್ದ ನಾನೂ ನೋಡಿದೆ. ಯಾರೂ ಏನೂ ಅನ್ನಲಿಲ್ಲ. ಬ್ರಾಹ್ಮಣರು ಉಂಡು ತೃಪ್ತಿಯಾಯಿತು ಎಂದರು. ಆಮೇಲೆ ನಾವೂ ಉಂಡೆವು. ಅಡಿಗೆ ಕೆಟ್ಟಿರಲಿಲ್ಲ.